ಅಂಡಾಣುವಿಲ್ಲ, ವೀರ್ಯಾಣುವಿಲ್ಲ, ಆದರೂ ಭ್ರೂಣ ಅನ್ನಬೇಕಾ?

ಭಾನುವಾರ, ಅದರಲ್ಲೂ ಮೆಗಾಬ್ಲಾಕ್ ಇರೋ ದಿನ, ಮನೆಯಲ್ಲಿ ಕೂರೋದು ಬಿಟ್ಟು ಮಾಟುಂಗಾವರೆಗೆ ಬಂದಿದ್ದೀರಿ. ಅದಕ್ಕೆ ಮೊದಲು ಥ್ಯಾಂಕ್ಸ್.

ನಾನು ವಿಜ್ಞಾನಿ ಅಲ್ಲ, ಡಾಕ್ಟರೂ ಅಲ್ಲ. ಹಾವೇರಿ ಕಡೆಯವಳು. ಹನ್ನೊಂದು ವರ್ಷದಿಂದ ಥಾಣೆಯಲ್ಲಿದ್ದೀನಿ, ಐರೋಳಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನ್ನ ಕೆಲಸ ಏನಪ್ಪಾ ಅಂದ್ರೆ, ಬೇರೆಯವರು ಬರೆದ ನಿಯಮದಲ್ಲಿ ತೂತು ಎಲ್ಲಿದೆ ಅಂತ ಹುಡುಕೋದು. ಇವತ್ತೂ ಅದನ್ನೇ ಮಾಡ್ತೀನಿ. ಆದರೆ ಕೋಡ್‌ನಲ್ಲಿ ಅಲ್ಲ, ಕಾನೂನಿನಲ್ಲಿ. ಕಾನೂನಿನ ಒಂದೇ ಒಂದು ಪದದಲ್ಲಿ.

ಆ ಪದ "ಭ್ರೂಣ".

ಮೊದಲು ಏನಾಗಿದೆ ಅಂತ ಹೇಳಿಬಿಡ್ತೀನಿ. 2022ರ ಆಗಸ್ಟ್‌ನಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೇಕಬ್ ಹನ್ನಾ ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಇಲಿಯ ಸ್ಟೆಮ್ ಸೆಲ್, ಅಂದರೆ ಆಕರ ಕೋಶಗಳನ್ನು ತಗೊಂಡ್ರು. ಆಕರ ಕೋಶ ಅಂದ್ರೆ ಇನ್ನೂ ತಾನು ಚರ್ಮ ಆಗಬೇಕೋ, ರಕ್ತ ಆಗಬೇಕೋ, ನರ ಆಗಬೇಕೋ ಅಂತ ತೀರ್ಮಾನ ಮಾಡದ ಕೋಶ. ಅವುಗಳಲ್ಲಿ ಒಂದು ಪಾಲನ್ನು ಮಾಸು, ಅಂದ್ರೆ ಪ್ಲಸೆಂಟಾ ಆಗೋ ದಿಕ್ಕಿಗೆ ತಿರುಗಿಸಿದರು. ಇನ್ನೊಂದು ಪಾಲನ್ನು, ಮೊದಮೊದಲು ಭ್ರೂಣವನ್ನು ಪೋಷಿಸುವ ಹಳದಿ ಚೀಲದ ದಿಕ್ಕಿಗೆ. ಮೂರನೇ ಪಾಲನ್ನು ಹಾಗೇ ಬಿಟ್ಟರು. ಮೂರನ್ನೂ ಸೇರಿಸಿ, ಪೋಷಕ ದ್ರವ ತುಂಬಿದ, ಸದಾ ತಿರುಗುತ್ತಾ ಇರೋ ಗಾಜಿನ ಬಾಟಲಿಗಳಲ್ಲಿ ಬೆಳೆಸಿದರು. ಅಂಡಾಣು ಇಲ್ಲ, ವೀರ್ಯಾಣು ಇಲ್ಲ, ಗರ್ಭಕೋಶ ಇಲ್ಲ. ಕೊನೆಗೆ ಅದರಲ್ಲಿ ಬಡಿಯುವ ಹೃದಯ ಇತ್ತು, ಮಿದುಳಿನ ಮೊದಲ ಮಡಿಕೆಗಳಿದ್ದವು, ಕರುಳಾಗಬೇಕಾದ ಕೊಳವೆ ಇತ್ತು. ತಾಯಿ ಇಲಿಯ ಹೊಟ್ಟೆಯಲ್ಲಿ ಎಂಟೂವರೆ ದಿನಕ್ಕೆ ಭ್ರೂಣ ಹೇಗಿರುತ್ತೋ ಹೆಚ್ಚುಕಮ್ಮಿ ಹಾಗೆ. ಇಲಿಯ ಬಸಿರು ಪೂರ್ತಿ ಸುಮಾರು ಇಪ್ಪತ್ತು ದಿನ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಅದೇ ತಿಂಗಳು ಕೇಂಬ್ರಿಜ್‌ನ ಮಗ್ದಲೇನಾ ಜೆರ್ನಿಕಾ-ಗೆಟ್ಸ್ ಅವರ ತಂಡವೂ ಇಂಥದ್ದೇ ಕೆಲಸ ಪ್ರಕಟಿಸಿತು. ಮರುವರ್ಷ, 2023ರಲ್ಲಿ, ಇಬ್ಬರೂ ಮನುಷ್ಯರ ಕೋಶಗಳಿಂದ ಇಂಥ ಮಾದರಿ ಮಾಡಿದ್ದೇವೆ ಅಂದರು. ಹನ್ನಾ ಅವರ ಮಾದರಿ, ಗರ್ಭದೊಳಗಿನ 14ನೇ ದಿನದ ಭ್ರೂಣದ ರಚನೆಯನ್ನ ಹೋಲ್ತಿತ್ತು. ಅದು ಬೆಳೆದ ದ್ರವಕ್ಕೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದರೆ ಪಾಸಿಟಿವ್ ಬಂತು. ಮೆಡಿಕಲ್ ಶಾಪ್‌ನಲ್ಲಿ ಸಿಗೋ ಕಿಟ್ ಹುಡುಕೋದು ಯಾವ ಹಾರ್ಮೋನನ್ನೋ, ಅದೇ ಹಾರ್ಮೋನನ್ನು ಅದು ತಾನೇ ಸ್ರವಿಸಿತ್ತು.

ಇದನ್ನ ಯಾರಾದರೂ ಕೂತು ಕೋಶಕ್ಕೆ ಕೋಶ ಅಂಟಿಸಿ ಮಾಡಿದ್ದಲ್ಲ. ಸಂಜೆ ದಾದರ್‌ನಲ್ಲಿ ಕಲ್ಯಾಣ್ ಫಾಸ್ಟ್ ಹತ್ತಿದವರಿಗೆ ಗೊತ್ತು. ಡಬ್ಬಿಯೊಳಗೆ ಯಾರೂ ಆರ್ಡರ್ ಕೊಡಲ್ಲ. ಆದರೂ ಎರಡೇ ಸ್ಟೇಷನ್‌ನಲ್ಲಿ ಠಾಣೆಗೆ ಇಳಿಯೋರು ಬಾಗಿಲ ಕಡೆ ಬಂದಿರ್ತಾರೆ, ಕಲ್ಯಾಣ್‌ವರೆಗೆ ಹೋಗೋರು ಒಳಗೆ ಸರಿದಿರ್ತಾರೆ. ಪಕ್ಕದವರನ್ನ ನೋಡಿ, ತಳ್ಳಿ, ತಳ್ಳಿಸಿಕೊಂಡು ತಮ್ಮ ಜಾಗ ಕಂಡುಕೊಳ್ತಾರೆ. ಕೋಶಗಳೂ ಹಾಗೇ, ಅಕ್ಕಪಕ್ಕದ ಕೋಶಗಳ ಸಂಕೇತ ಓದಿ ತಮ್ಮ ಜಾಗಕ್ಕೆ ಹೋಗ್ತವೆ. ಆದರೆ ಹೆಚ್ಚಿನ ಸಲ ಹೋಗೋದಿಲ್ಲ. ಇಲಿಯ ಪ್ರಯೋಗದಲ್ಲಿ ಸುಮಾರು 10,000 ಗುಂಪುಗಳಲ್ಲಿ ಸರಿಯಾಗಿ ರೂಪ ತಳೆದದ್ದು 50ರ ಆಸುಪಾಸು. ನೂರಕ್ಕೆ ಅರ್ಧ!

ಪತ್ರಿಕೆಗಳು ಇದಕ್ಕೆ "ಸಿಂಥೆಟಿಕ್ ಭ್ರೂಣ" ಅಂತ ಹೆಸರಿಟ್ಟವು. ಸಿಂಥೆಟಿಕ್ ಅಂದ ತಕ್ಷಣ ನಮಗೆ ಸೀರೆ ನೆನಪಾಗುತ್ತೆ, ಪ್ಲಾಸ್ಟಿಕ್ ನೆನಪಾಗುತ್ತೆ. ಇಲ್ಲಿ ಕೃತಕ ಅನ್ನೋದು ಏನೂ ಇಲ್ಲ, ಕೋಶ ಅಸಲಿ ಕೋಶವೇ. ಶುರುವಾದ ರೀತಿ ಮಾತ್ರ ಬೇರೆ. ಅದಕ್ಕೇ ವಿಜ್ಞಾನಿಗಳು "ಭ್ರೂಣ ಮಾದರಿ" ಅನ್ನೋದನ್ನ ಇಷ್ಟಪಡ್ತಾರೆ.

ಸರಿ, ಇದರಿಂದ ನಮಗೇನು? ನನಗೇನು ಅನ್ನೋದನ್ನ ಹೇಳ್ತೀನಿ.

ನನ್ನ ಮಗಳು ಐವಿಎಫ್‌ನಿಂದ ಹುಟ್ಟಿದವಳು. ಅವಳಿಗಿಂತ ಮೊದಲು ಎರಡು ಸಲ ಭ್ರೂಣ ಒಳಗೆ ಬಿಟ್ಟಿದ್ದರು, ಎರಡು ಸಲವೂ ನಿಲ್ಲಲಿಲ್ಲ. ಯಾಕೆ ಅಂತ ಕೇಳಿದಾಗ ಡಾಕ್ಟರ್ ಪ್ರಾಮಾಣಿಕವಾಗಿ "ಗೊತ್ತಿಲ್ಲಮ್ಮಾ" ಅಂದರು. ಅವರಿಗೆ ಗೊತ್ತಿರೋಕೆ ದಾರಿಯೂ ಇಲ್ಲ. ಫಲೀಕರಣ ಆಗಿ ಆರೇಳು ದಿನಕ್ಕೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳೋಕೆ ಶುರುಮಾಡುತ್ತೆ. ಅಲ್ಲಿಂದ ಮೂರ್ನಾಲ್ಕು ವಾರ ಅದು ಕತ್ತಲಕೋಣೆಯಲ್ಲಿ. ಸ್ಕ್ಯಾನ್‌ಗೆ ಸರಿಯಾಗಿ ಕಾಣಲ್ಲ, ಕೈಗೆ ಸಿಗಲ್ಲ. ಬಹಳ ಬಸಿರು ಹೋಗೋದು ಆಗಲೇ. ಎಷ್ಟೋ ಸಲ ತಾಯಿಗೆ ತಾನು ಬಸಿರಾಗಿದ್ದೆ ಅನ್ನೋದೂ ತಿಳಿದಿರಲ್ಲ. ಮಿದುಳು, ಬೆನ್ನುಹುರಿ ಆಗಬೇಕಾದ ನರನಾಳ ಮುಚ್ಚಿಕೊಳ್ಳೋದು ಸುಮಾರು 28ನೇ ದಿನಕ್ಕೆ. ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿಯ ದೋಷದಿಂದ ಹುಟ್ಟುತ್ತೆ. ಮದುವೆಯಾದ ಹುಡುಗಿಯರಿಗೆ ಬಸಿರಿಗಿಂತ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳಿ ಅಂತ ಡಾಕ್ಟರು ಹೇಳೋದು ಇದಕ್ಕೇ. ಗೊತ್ತಾಗೋ ಹೊತ್ತಿಗೆ ಆ ಕೆಲಸ ಮುಗಿದಿರುತ್ತೆ. ಆ ಕತ್ತಲಕೋಣೆಗೆ ಒಂದು ಕಿಟಕಿ ಇಡಬಹುದಾದರೆ ಅದು ಈ ಮಾದರಿಗಳು. ಬಸಿರಲ್ಲಿ ಯಾವ ಮಾತ್ರೆ ಅಪಾಯ ಅಂತ ಪರೀಕ್ಷೆ ಮಾಡೋಕೂ ಇವು ದಾರಿ.

ಹಾಗಾಗಿ ನಾನು ಇದರ ವಿರೋಧಿ ಅಲ್ಲ. ಹೃದಯಪೂರ್ವಕವಾಗಿ ಇದರ ಪರ. ಪರ ಇರೋರೇ ತೂತು ತೋರಿಸಬೇಕು ಅಂತ ಇಲ್ಲಿ ನಿಂತಿದ್ದೀನಿ.

ಈಗ ಮುಂಬೈಗೆ ಬರೋಣ. ನಾವು ಕೂತಿರೋ ಜಾಗದಿಂದ ಪರೇಲ್ ಎಷ್ಟು ದೂರ? ಲೋಕಲ್‌ನಲ್ಲಿ ಎರಡು ಸ್ಟೇಷನ್. 1986ರ ಆಗಸ್ಟ್ 6ರಂದು ಪರೇಲ್‌ನ ಕೆಇಎಮ್ ಆಸ್ಪತ್ರೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ವೈಜ್ಞಾನಿಕ ದಾಖಲೆಗಳೊಂದಿಗೆ ನಮ್ಮ ದೇಶದ ಮೊದಲ ಪ್ರನಾಳ ಶಿಶು ಅಂತ ಹೆಸರಾದ ಮಗು. ಡಾ. ಇಂದಿರಾ ಹಿಂದುಜಾ, ಮತ್ತು ಪರೇಲ್‌ನಲ್ಲೇ ಇರೋ ಐಸಿಎಂಆರ್‌ನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕ ಡಾ. ಟಿ. ಸಿ. ಆನಂದ ಕುಮಾರ್, ಇಬ್ಬರ ತಂಡಗಳ ಕೆಲಸ ಅದು.

ಆದರೆ ಎಂಟು ವರ್ಷ ಹಿಂದೆ, 1978ರ ಅಕ್ಟೋಬರ್ 3ರಂದೇ, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅನ್ನೋರು ಇದನ್ನ ಮಾಡಿದ್ದರು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿ ಆಗಿದ್ದು ಬರೀ 70 ದಿನ. ಸರ್ಕಾರ ಒಂದು ಸಮಿತಿ ಕೂರಿಸಿತು. ಇಂಥದ್ದನ್ನು ಅಳೆಯೋಕೆ ನಿಯಮವೂ ಇರಲಿಲ್ಲ, ಅಳತೆಗೋಲೂ ಇರಲಿಲ್ಲ. ಸಮಿತಿ ಅವರನ್ನ ನಂಬಲಿಲ್ಲ. ಪರದೇಶಕ್ಕೆ ಹೋಗಿ ಕೆಲಸ ಮಂಡಿಸೋಕೆ ಬಿಡಲಿಲ್ಲ. ಕೊನೆಗೆ ಕಣ್ಣಿನ ವಿಭಾಗಕ್ಕೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ತಮ್ಮ ಜೀವ ತಾವೇ ಕಳೆದುಕೊಂಡರು.

ಮುಂದಿನದು ನನಗೆ ತುಂಬಾ ಇಷ್ಟವಾದ ಸಂಗತಿ. 1997ರಲ್ಲಿ ಆನಂದ ಕುಮಾರ್ ಕೋಲ್ಕತ್ತಕ್ಕೆ ಹೋದಾಗ ಮುಖೋಪಾಧ್ಯಾಯರ ಟಿಪ್ಪಣಿಗಳು ಅವರ ಕೈಗೆ ಬಂದವು. ಓದಿ ನೋಡಿದರು. ಬೆಂಗಳೂರಿನಿಂದ ಬರೋ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು: ಮೊದಲಿಗರು ನಾವಲ್ಲ, ಅವರು. "ದೇಶಕ್ಕೆ ಮೊದಲು" ಅನ್ನೋ ತಮ್ಮದೇ ಪಟ್ಟವನ್ನ ತೀರಿಹೋದ ಮನುಷ್ಯನಿಗೆ ವಾಪಸ್ ಕೊಟ್ಟರು. ನಮ್ಮ ಆಫೀಸುಗಳಲ್ಲಿ ಒಂದು ಪಿಪಿಟಿಯ ಕ್ರೆಡಿಟ್ ಬಿಟ್ಟುಕೊಡೋಕೆ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಕೋಲ್ಕತ್ತದ್ದು ಒಂದು ಪಾಠ: ನಿಯಮ ಇಲ್ಲದಾಗ ಹೆದರಿಕೆ ಕೂತು ತೀರ್ಪು ಕೊಡುತ್ತೆ, ಒಳ್ಳೆ ವಿಜ್ಞಾನಿ ಸಾಯ್ತಾನೆ.

ಮುಂಬೈಯದ್ದು ಇನ್ನೊಂದು ಪಾಠ, ಪೂರ್ತಿ ಉಲ್ಟಾ. ಗರ್ಭದ ನೀರು ತೆಗೆದು ಪರೀಕ್ಷೆ ಮಾಡೋ ಆಮ್ನಿಯೋಸೆಂಟಿಸಿಸ್ ನಮ್ಮ ದೇಶಕ್ಕೆ ಬಂದಿದ್ದು 1970ರ ದಶಕದಲ್ಲಿ, ಮಗುವಿನ ಆನುವಂಶಿಕ ದೋಷ ಪತ್ತೆಗೆ ಅಂತ. ಒಳ್ಳೆ ಉದ್ದೇಶವೇ. ಅದೇ ಪರೀಕ್ಷೆ ಗಂಡೋ ಹೆಣ್ಣೋ ಅನ್ನೋದನ್ನೂ ಹೇಳ್ತಿತ್ತು. ಎಂಬತ್ತರ ದಶಕ ಬರೋ ಹೊತ್ತಿಗೆ ಈ ಊರಲ್ಲಿ ಅದಕ್ಕೆ ಬಹಿರಂಗ ಜಾಹೀರಾತು ಇತ್ತು. ಈಗ ಸ್ವಲ್ಪ ಖರ್ಚು ಮಾಡಿ, ಮುಂದೆ ವರದಕ್ಷಿಣೆ ಉಳಿಸಿ ಅನ್ನೋ ಧಾಟಿಯಲ್ಲಿ! ಇಲ್ಲಿನ ಹೆಣ್ಣುಮಕ್ಕಳ ಸಂಘಟನೆಗಳು, ವೈದ್ಯರು, ವಕೀಲರು ಸೇರಿ ವರ್ಷಗಟ್ಟಲೆ ಹೋರಾಡಿದರು. 1988ರಲ್ಲಿ ಮಹಾರಾಷ್ಟ್ರ ಕಾಯ್ದೆ ತಂದಿತು, ದೇಶದಲ್ಲೇ ಮೊದಲು. ಕೇಂದ್ರದ ಕಾಯ್ದೆ ಬಂದಿದ್ದು 1994ರಲ್ಲಿ, ಜಾರಿಯಾಗಿದ್ದು 1996ರಲ್ಲಿ. ಅಷ್ಟರಲ್ಲಿ ಸ್ಕ್ಯಾನಿಂಗ್ ಮೆಷಿನ್ ಓಣಿ ಓಣಿಗೆ ಬಂದಿತ್ತು. 1991ರ ಜನಗಣತಿಯಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳು. 2001ಕ್ಕೆ 927. ಕಾಯ್ದೆ ಇತ್ತು, ಸಂಖ್ಯೆ ಇಳೀತಾನೇ ಇತ್ತು. ಯಾಕಂದ್ರೆ ಒಂದು ತಂತ್ರಜ್ಞಾನ ವ್ಯಾಪಾರ ಆದಮೇಲೆ ಅದನ್ನ ಹಿಡಿಯೋದು, ಪ್ರೊಡಕ್ಷನ್‌ಗೆ ಹೋದಮೇಲೆ ಬಗ್ ಹಿಡಿದಂಗೆ. ಹತ್ತು ಪಟ್ಟು ಖರ್ಚು, ಅಷ್ಟರಲ್ಲಿ ನಷ್ಟ ಆಗಿಹೋಗಿರುತ್ತೆ.

ಕೋಲ್ಕತ್ತದಲ್ಲಿ ಹೆದರಿ ಹೊಸಕಿದರು. ಮುಂಬೈಯಲ್ಲಿ ನೋಡದೆ ಬಿಟ್ಟರು. ಭ್ರೂಣ ಮಾದರಿಯ ವಿಷಯದಲ್ಲಿ ನಮಗೆ ಎರಡೂ ಬೇಡ.

"ಇದೆಲ್ಲ ಇಸ್ರೇಲು, ಕೇಂಬ್ರಿಜ್ ಕತೆ, ನಮ್ಮಲ್ಲೆಲ್ಲಿ?" ಅಂತ ಕೇಳಬಹುದು. ಇದಕ್ಕೆ ಬೇಕಾದ ಕಚ್ಚಾಮಾಲು ಆಕರ ಕೋಶ. ಅದು ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. 2001ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಬುಷ್, ಆಗಲೇ ತಯಾರಾಗಿರೋ ಮಾನವ ಭ್ರೂಣ ಆಕರ ಕೋಶಗಳ ಮೇಲಿನ ಸಂಶೋಧನೆಗೆ ಮಾತ್ರ ಸರ್ಕಾರಿ ಹಣ ಅಂದರು. ಅಂಥ ಕೋಶಗಳು ಎಲ್ಲೆಲ್ಲಿವೆ ಅಂತ ಪಟ್ಟಿ ಬಂತು. ಇಡೀ ಜಗತ್ತಿನಲ್ಲಿ 10 ಕಡೆ, ಒಟ್ಟು 64 ಸಾಲು. ಸಾಲು ಅಂದ್ರೆ ಒಂದೇ ಮೂಲದಿಂದ ಬಂದು ಪ್ರಯೋಗಾಲಯದಲ್ಲಿ ಬೆಳೀತಾನೇ ಇರೋ ಕೋಶಗಳ ಪೀಳಿಗೆ. ಆ 64ರಲ್ಲಿ 7 ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್‌ನದು, 3 ಬೆಂಗಳೂರಿನ ಎನ್‌ಸಿಬಿಎಸ್‌ನದು. ಪಟ್ಟಿಯಲ್ಲಿದ್ದ ಎಲ್ಲವೂ ಮುಂದೆ ಬಳಕೆಗೆ ಸಿಗಲಿಲ್ಲ, ನಿಜ. ಆದರೆ ಆ ಪಟ್ಟಿಯಲ್ಲಿ ನಮ್ಮ ಎರಡೂ ಊರುಗಳಿದ್ದವು.

2009ರಲ್ಲಿ ಪರೇಲ್‌ನ ಅದೇ ಐಸಿಎಂಆರ್ ಸಂಸ್ಥೆಯಿಂದ ಕೈಂಡ್1, ಕೈಂಡ್2 ಅನ್ನೋ ಎರಡು ಸಾಲುಗಳು ಪ್ರಕಟವಾದವು. ಆ ಲೇಖನದ ಲೇಖಕರಲ್ಲಿ ಇಂದಿರಾ ಹಿಂದುಜಾ ಅವರೂ ಒಬ್ಬರು. ಅದೇ ವರ್ಷ ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರು ಕೇಂದ್ರದಿಂದ ಮನೀಷಾ ಇನಾಂದಾರ್ ಅವರ ತಂಡ ಇನ್ನೆರಡು ಸಾಲು ಪ್ರಕಟಿಸಿತು. ಅವು ಒಂದೇ ದಂಪತಿಯ ಎರಡು ಭ್ರೂಣಗಳಿಂದ ಬಂದವು, ಅಂದ್ರೆ ಒಡಹುಟ್ಟು. ಆ ಭ್ರೂಣಗಳು ಗ್ರೇಡ್ ಮೂರರವು, ಗರ್ಭಕ್ಕೆ ಬಿಡೋಕೆ ಯೋಗ್ಯ ಅಲ್ಲ ಅಂತ ಪಕ್ಕಕ್ಕಿಟ್ಟಿದ್ದವು.

ಐವಿಎಫ್ ಮಾಡಿಸಿದವರಿಗೆ "ಗ್ರೇಡ್" ಅನ್ನೋ ಪದ ಕೇಳಿದರೆ ಎದೆ ಧಸಕ್ ಅನ್ನುತ್ತೆ. ನಮ್ಮ ರಿಪೋರ್ಟ್‌ನಲ್ಲೂ ಅದಿತ್ತು. ಯಾರೋ ಒಬ್ಬ ದಂಪತಿ, ನಮ್ಮ ನಿಮ್ಮ ಥರದವರು, ಯಾವುದೋ ಒಂದು ಫಾರಂಗೆ ಸಹಿ ಹಾಕಿದ್ದರಿಂದ ಆ ಕೋಶಗಳು ಹುಟ್ಟಿದವು.

ನಮಗೂ ಫಾರಂ ಬಂತು. ಮಗಳು ಹುಟ್ಟಿದ ಮೇಲೆ ಎರಡು ಭ್ರೂಣ ಫ್ರೀಜರ್‌ನಲ್ಲಿ ಉಳಿದಿವೆ. 2021ರ ಎಆರ್‌ಟಿ ಕಾಯ್ದೆ, ಅಂದ್ರೆ ಐವಿಎಫ್ ಥರದ ಚಿಕಿತ್ಸೆಗಳನ್ನ ನಿಯಂತ್ರಿಸೋ ಕಾಯ್ದೆ, 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಭ್ರೂಣವನ್ನ 10 ವರ್ಷಕ್ಕಿಂತ ಹೆಚ್ಚು ಇಡೋಹಾಗಿಲ್ಲ. ಆಮೇಲೆ ನಶಿಸೋಕೆ ಬಿಡಬೇಕು, ಇಲ್ಲಾ ದಂಪತಿ ಒಪ್ಪಿದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಎರಡು ಚೌಕ. ಯಾವುದಕ್ಕೆ ಟಿಕ್?

ಆ ದಿನ ನಮ್ಮತ್ತೆ ಊರಿಂದ ಬಂದಿದ್ದರು. ಫಾರಂ ಏನು ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವು ಜೀವ ಅದಾವೋ ಇಲ್ಲೋ, ಅಷ್ಟ ಹೇಳವ್ವಾ" ಅಂದರು.

"ಅತ್ತಿ, ಅದಕ್ಕ ಉತ್ತರ ಡಾಕ್ಟರ್ ಹತ್ರಾನೂ ಇಲ್ರಿ" ಅಂದೆ.

"ಹಂಗಾರ ಗೊತ್ತಾಗೂ ಮಟ ಸಹಿ ಹಾಕಬ್ಯಾಡ."

ಅದಕ್ಕೇ ನಾನು ಕಾಯ್ದೆ ತೆಗೆದು ಓದೋಕೆ ಕೂತದ್ದು. ಟೆಸ್ಟರ್ ಕಣ್ಣಲ್ಲಿ. ಮೊದಲು ನೋಡೋದು ಡೆಫಿನಿಷನ್ ಪುಟ.

ಎಆರ್‌ಟಿ ಕಾಯ್ದೆ ಹೇಳೋದು ಇದು: ಭ್ರೂಣ ಅಂದರೆ ಫಲೀಕರಣದ ನಂತರ, ಫಲೀಕರಣದ ದಿನದಿಂದ 56 ದಿನ ಮುಗಿಯೋವರೆಗೆ ಬೆಳೆಯುತ್ತಿರುವ ಅಥವಾ ಬೆಳೆದ ಜೀವಿ. ಲಿಂಗ ಪತ್ತೆ ತಡೆಯೋ ಕಾಯ್ದೆಯಲ್ಲೂ ಹೆಚ್ಚುಕಮ್ಮಿ ಇದೇ ಅರ್ಥದ ಮಾತಿದೆ. ಎಲ್ಲವೂ "ಫಲೀಕರಣ" ಅನ್ನೋ ಒಂದು ಮೊಳೆಗೆ ನೇತುಹಾಕಿದ್ದು.

ಹನ್ನಾ ಅವರ ಬಾಟಲಿಯಲ್ಲಿ ಫಲೀಕರಣ ಆಗಿಲ್ಲವಲ್ಲ! ಹಾಗಾದರೆ ಈ ಕಾಯ್ದೆಯನ್ನ ಅಕ್ಷರಶಃ ಓದಿದರೆ ಅದು ಭ್ರೂಣವೇ ಅಲ್ಲ. ಭ್ರೂಣವನ್ನ ಮಾರಬಾರದು, ದೇಶದಾಚೆ ಸಾಗಿಸಬಾರದು, ಸಂಶೋಧನೆಗೆ ಇಂಥ ರೀತಿಯಲ್ಲೇ ಬಳಸಬೇಕು ಅಂತ ಕಾಯ್ದೆ ಇಟ್ಟಿರೋ ಬೇಲಿಗಳೆಲ್ಲ "ಭ್ರೂಣ" ಅನ್ನೋ ಪದದ ಸುತ್ತ ಇವೆ. ಮಾದರಿ ಆ ಬೇಲಿಯ ಆಚೆ ಉಳೀತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕಾಯ್ದೆ ಕನ್‌ಸ್ಟ್ರಕ್ಟರ್ ನೋಡ್ತಿದೆ, ಆಬ್ಜೆಕ್ಟ್ ಏನು ಮಾಡುತ್ತೆ ಅಂತ ನೋಡ್ತಿಲ್ಲ.

ಇದು ಹೊಸ ಬಗ್ ಕೂಡ ಅಲ್ಲ. ಬ್ರಿಟನ್ನಿನ 1990ರ ಕಾಯ್ದೆಯಲ್ಲೂ ಭ್ರೂಣಕ್ಕೆ ಫಲೀಕರಣವೇ ಆಧಾರವಾಗಿತ್ತು. 1996ರಲ್ಲಿ ಡಾಲಿ ಅನ್ನೋ ಕುರಿ ಹುಟ್ಟಿತು. ಕ್ಲೋನಿಂಗ್‌ನಿಂದ, ಫಲೀಕರಣ ಇಲ್ಲದೆ. 2001ರ ನವೆಂಬರ್‌ನಲ್ಲಿ ಒಂದು ಸಂಘಟನೆ ಕೋರ್ಟಿಗೆ ಹೋಗಿ, ಕ್ಲೋನ್ ಮಾಡಿದ ಭ್ರೂಣ ಈ ಕಾಯ್ದೆಯ ಕೆಳಗೆ ಬರೋದೇ ಇಲ್ಲ ಅಂತ ವಾದಿಸಿತು. ಹೈಕೋರ್ಟ್ ಹೌದು ಅಂದಿತು. ಸರ್ಕಾರ ಗಾಬರಿಯಾಗಿ, ಮೂರು ವಾರದೊಳಗೆ ಮಾನವ ಕ್ಲೋನಿಂಗ್ ತಡೆಯೋ ಪ್ರತ್ಯೇಕ ಕಾಯ್ದೆ ಪಾಸು ಮಾಡಿತು. ಮೂಲ ಕಾಯ್ದೆಯ ಅರ್ಥದ ಜಗಳ ಅಲ್ಲಿನ ಅತ್ಯುನ್ನತ ಪೀಠದಲ್ಲಿ ಇತ್ಯರ್ಥ ಆಗಿದ್ದು 2003ರಲ್ಲಿ. ಇಪ್ಪತ್ತು ವರ್ಷದ ನಂತರ ನಾವು ಅದೇ ಪದವನ್ನ ನಮ್ಮ ಕಾಯ್ದೆಗೆ ಹಾಕಿಕೊಂಡಿದ್ದೀವಿ.

ಆಸ್ಟ್ರೇಲಿಯದವರು ಬೇರೆ ದಾರಿ ಹಿಡಿದರು. ಅವರ ಕಾಯ್ದೆ, ಫಲೀಕರಣದ ಜೊತೆಗೆ, ಬೇರೆ ಯಾವುದೇ ರೀತಿಯಲ್ಲಿ ಶುರುವಾಗಿ ಒಂದು ಹಂತದವರೆಗೆ ಬೆಳೆಯೋ ಶಕ್ತಿ ಇರೋದನ್ನೂ ಭ್ರೂಣ ಅನ್ನುತ್ತೆ. 2021ರಲ್ಲಿ ಮೊನಾಷ್ ವಿಶ್ವವಿದ್ಯಾಲಯದ ಹೊಸೆ ಪೋಲೊ ಅವರ ತಂಡ ದೊಡ್ಡವರ ಚರ್ಮದ ಕೋಶಗಳಿಂದ, ಐದಾರು ದಿನದ ಭ್ರೂಣದಂಥ ಮಾದರಿ ಮಾಡಿತು. ಗಮನಿಸಿ, ಚರ್ಮದ ಕೋಶದಿಂದ! ಅಲ್ಲಿನ ನಿಯಂತ್ರಕರು ಪರಿಶೀಲಿಸಿ, ಇದು ನಮ್ಮ ಕಾಯ್ದೆಯ ಪ್ರಕಾರ ಭ್ರೂಣವೇ, ಲೈಸೆನ್ಸ್ ಇಲ್ಲದೆ ಮಾಡೋಹಾಗಿಲ್ಲ ಅಂದರು. ಸಂಶೋಧಕರಿಗೆ ಇದು ತೊಡಕಾಯಿತು, ಅದನ್ನೂ ಹೇಳಬೇಕು. ಆದರೆ ಬೇಲಿ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಾಯಿತು.

ನಮ್ಮಲ್ಲೂ ಒಳ್ಳೆ ಪದ ಇಲ್ಲ ಅಂತ ಅಲ್ಲ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ಆಕರ ಕೋಶ ಸಂಶೋಧನೆಯ ಮಾರ್ಗಸೂಚಿ ಇದೆ. ಇಡೀ ಮಾನವ ಭ್ರೂಣವನ್ನ, ಅದು ಯಾವ ವಿಧಾನದಿಂದ ಬಂದಿದ್ದರೂ ಸರಿ, 14 ದಿನ ದಾಟಿ ಅಥವಾ ಪ್ರಿಮಿಟಿವ್ ಸ್ಟ್ರೀಕ್ ಮೂಡಿದ ಮೇಲೆ ಬೆಳೆಸಬಾರದು ಅಂತ ಅದು ಹೇಳುತ್ತೆ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಗೆ. "ಯಾವ ವಿಧಾನದಿಂದ ಬಂದಿದ್ದರೂ" ಅನ್ನೋದು ನೋಡಿ, ಅದು ಚಿನ್ನದಂಥ ಮಾತು. ಆದರೆ ಮಾರ್ಗಸೂಚಿ ಸಂಸತ್ತು ಪಾಸು ಮಾಡಿದ ಕಾಯ್ದೆ ಅಲ್ಲ. ಮತ್ತೆ, ಮಾದರಿಯನ್ನ "ಇಡೀ ಭ್ರೂಣ" ಅನ್ನಬೇಕಾ ಬೇಡವಾ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಈ 14 ದಿನ ಎಲ್ಲಿಂದ ಬಂತು? ಬ್ರಿಟನ್ನಿನ ವಾರ್ನಾಕ್ ಸಮಿತಿಯ 1984ರ ವರದಿ ಇದನ್ನ ಗಟ್ಟಿ ಮಾಡಿತು. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಒಂದು ಗೆರೆ ಮೂಡುತ್ತೆ, ತಲೆ ಎಲ್ಲಿ ಬುಡ ಎಲ್ಲಿ, ಎಡ ಯಾವುದು ಬಲ ಯಾವುದು ಅಂತ ಗುರುತು ಮಾಡೋ ಗೆರೆ. ಅದೇ ಪ್ರಿಮಿಟಿವ್ ಸ್ಟ್ರೀಕ್. ಅಲ್ಲಿಯವರೆಗೆ ಒಂದು ಭ್ರೂಣ ಒಡೆದು ಅವಳಿ ಆಗಬಹುದು. ಗೆರೆ ಮೂಡಿದ ಮೇಲೆ ಸಾಮಾನ್ಯವಾಗಿ ಆಗಲ್ಲ. ಹಾಗಾಗಿ, ಒಬ್ಬ ವ್ಯಕ್ತಿ ಆಗೋ ದಾರಿ ಅಲ್ಲಿಂದ ಶುರು ಅಂತ ಒಂದು ಒಪ್ಪಂದ.

ಮಾದರಿಗೆ ಈ ಟೈಮರ್ ಹಾಕಿ ನೋಡಿ. ಎಲ್ಲಿಂದ ಎಣಿಸ್ತೀರಿ? ಹನ್ನಾ ಅವರ ಮಾನವ ಮಾದರಿ ಪ್ರಯೋಗಾಲಯದಲ್ಲಿ ಇದ್ದದ್ದು ಸುಮಾರು ಒಂದು ವಾರ. ತಲುಪಿದ್ದು 14ನೇ ದಿನದ ರೂಪ. ಮೊದಲ ಹಂತಗಳನ್ನ ಹಾರಿ ನಡುವಿನಿಂದ ಶುರುಮಾಡಿತ್ತು. ದಿನದ ಲೆಕ್ಕಕ್ಕೆ ಅರ್ಥವೇ ಉಳಿಯಲಿಲ್ಲ.

ಈ ಗೋಜಲನ್ನ ಒಂದು ಸಂಜೆ ಅತ್ತೆಗೆ ಹೇಳ್ತಿದ್ದೆ. ಬೀಜ ಇಲ್ಲದೆ ಬೆಳೆಸ್ತಾರಂತ್ರಿ, ಅದಕ್ಕ ಏನನ್ನಬೇಕು ಅಂತ. ಅವರು ಮೆಂತ್ಯ ಸೊಪ್ಪು ಬಿಡಿಸ್ತಾ ಬಿಡಿಸ್ತಾ ಹೇಳಿದರು: "ನುಗ್ಗಿಗಿಡ ಬೀಜದಿಂದ ಬಂದ್ರೂ ನುಗ್ಗೀನ, ಟೊಂಗಿ ಕಡದು ನೆಟ್ರೂ ನುಗ್ಗೀನ. ಟೊಂಗಿ ನೆಟ್ಟಿದ್ದೆಲ್ಲಾ ಗಿಡ ಆಕ್ಕೈತೇನು? ಬೇರು ಬಿಡ್ತೈತೋ ಇಲ್ಲೋ ನೋಡು."

ನಾನು ಓದಿದ ಎಷ್ಟೋ ಲೇಖನಗಳಿಗಿಂತ ಇದು ಸ್ಪಷ್ಟವಾಗಿತ್ತು. ಹೇಗೆ ಶುರುವಾಯಿತು ಅನ್ನೋದಲ್ಲ, ಬೇರು ಬಿಡುತ್ತಾ ಅನ್ನೋದು ಪ್ರಶ್ನೆ. ಇವತ್ತಿನ ಮಾದರಿಗಳು ಬೇರು ಬಿಟ್ಟಿಲ್ಲ. 2023ರಲ್ಲಿ ಶಾಂಘೈನ ವಿಜ್ಞಾನಿಗಳು ಮಂಗಗಳ ಕೋಶದಿಂದ ಮಾಡಿದ ಇಂಥ ಮಾದರಿಗಳನ್ನ 8 ಹೆಣ್ಣು ಮಂಗಗಳ ಗರ್ಭಕ್ಕೆ ಬಿಟ್ಟರು. 3ರಲ್ಲಿ ಬಸಿರಿನ ಹಾರ್ಮೋನ್ ಕಾಣಿಸ್ತು, ಆಮೇಲೆ ನಿಂತುಹೋಯಿತು. ಒಂದೂ ಮರಿಯಾಗಲಿಲ್ಲ. ಹಾಗಾಗಿ ಇವತ್ತಿನ ದಿನ ಇದು ಟೊಂಗೆ, ಗಿಡ ಅಲ್ಲ. ಇದರಿಂದ ಮಗು ಕೊಡಿಸ್ತೀವಿ ಅಂತ ಯಾರಾದರೂ ನಿಮಗೆ ಹೇಳಿದರೆ ಅವರು ಸುಳ್ಳು ಹೇಳ್ತಿದ್ದಾರೆ. ಜಗತ್ತಿನಲ್ಲಿ ಎಲ್ಲೂ ಇಲ್ಲ. ಆದರೆ ಮುಂದೆ ಬೇರು ಬಿಡೋದೇ ಇಲ್ಲ ಅಂತ ಬರೆದುಕೊಡೋಕೂ ಯಾರೂ ತಯಾರಿಲ್ಲ. ಆಕರ ಕೋಶ ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಂಘ 2025ರಲ್ಲಿ ತನ್ನ ಮಾರ್ಗಸೂಚಿ ಬಿಗಿ ಮಾಡಿತು. ಇಂಥ ಎಲ್ಲ ಮಾದರಿಗೂ ಮೇಲ್ವಿಚಾರಣೆ ಬೇಕು, ಯಾವುದನ್ನೂ ಗರ್ಭಕ್ಕೆ ಬಿಡಬಾರದು, ಗರ್ಭದ ಹೊರಗೆ ಬದುಕುಳಿಯೋ ಮಟ್ಟಕ್ಕೆ ಬೆಳೆಸಬಾರದು ಅಂತ. ವಿಜ್ಞಾನಿಗಳೇ ತಮಗೆ ತಾವೇ ಗೆರೆ ಎಳ್ಕೊಳ್ತಿದ್ದಾರೆ. ನಮ್ಮ ಕಾಯ್ದೆಯೂ ಎಳೀಬೇಕು.

ನಾನು ಕೇಳೋದು ಮೂರು.

ಒಂದು, ಭ್ರೂಣದ ಅರ್ಥ ಬದಲಾಗಬೇಕು. ಶುರುವಾದ ರೀತಿ ಬಿಟ್ಟು, ಏನಾಗಬಲ್ಲದು ಅನ್ನೋದರ ಮೇಲೆ. ದಿನದ ಎಣಿಕೆ ಬದಲು ರಚನೆಯ ಗುರುತು. 2017ರ ಮಾರ್ಗಸೂಚಿಯಲ್ಲಿರೋ ಮಾತನ್ನ ಕಾಯ್ದೆಗೆ ತಂದರೆ ಅರ್ಧ ಕೆಲಸ ಮುಗೀತು. ಬೇರು ಬಿಡದ ಸಣ್ಣ ಮಾದರಿಗಳಿಗೆ ಹಗುರ ನಿಯಮ ಇರಲಿ, ಯಾವ ಸಂಶೋಧಕರಿಗೂ ಮುಖೋಪಾಧ್ಯಾಯರ ಗತಿ ಬರಬಾರದು. ಗರ್ಭಕ್ಕೆ ಬಿಡೋದಕ್ಕೆ ಮಾತ್ರ ಸ್ಪಷ್ಟವಾದ ನಿಷೇಧ ಇರಲಿ.

ಎರಡು, ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಹೆಚ್ಚಿಗೆ ಬೇಕು. "ಸಂಶೋಧನೆಗೆ" ಅಂತ ಟಿಕ್ ಮಾಡಿದರೆ ಯಾವ ಸಂಶೋಧನೆಗೆ? ನಮ್ಮ ಭ್ರೂಣದಿಂದ ಆಕರ ಕೋಶ ತೆಗೆದು, ಆ ಕೋಶದಿಂದ ಮತ್ತೆ ಸಾವಿರ ಭ್ರೂಣ ಮಾದರಿ ಮಾಡಬಹುದಾ? ಐವಿಎಫ್ ಮಾಡಿಸಿದವರಿಗೆ ಮಾತ್ರ ಅಲ್ಲ ಈ ಪ್ರಶ್ನೆ. ಚರ್ಮದ ಕೋಶದಿಂದಲೂ ಮಾಡಬಹುದು ಅಂದಮೇಲೆ, ಯಾವುದೋ ಸಂಶೋಧನೆಗೆ ಅಂತ ಚರ್ಮವನ್ನೋ ರಕ್ತವನ್ನೋ ಕೊಡೋ ಪ್ರತಿಯೊಬ್ಬರದೂ. ಹೌದು ಅನ್ನೋರು ಹೌದು ಅನ್ನಲಿ, ಬೇಡ ಅನ್ನೋರಿಗೆ ಬೇಡ ಅನ್ನೋಕೆ ಒಂದು ಚೌಕ ಇರಲಿ. ನೀವು ಸಹಿ ಹಾಕೋ ಮುಂಚೆ ಈ ಪ್ರಶ್ನೆ ಕೇಳಿ. ಲಿಖಿತ ಉತ್ತರ ಕೇಳಿ.

ಮೂರು, ಈ ಚರ್ಚೆ ಕನ್ನಡದಲ್ಲಿ, ಮರಾಠಿಯಲ್ಲಿ, ಮನೆಮಾತುಗಳಲ್ಲಿ ಆಗಬೇಕು. ಕಾಯ್ದೆಯ ಕರಡು ಬಂದಾಗ ಅಭಿಪ್ರಾಯ ಕೇಳ್ತಾರೆ, ನಾವು ಮೂವತ್ತು ದಿನದಲ್ಲಿ ಇಂಗ್ಲಿಷಿನಲ್ಲಿ ಈಮೇಲ್ ಹಾಕಬೇಕು. ನಮ್ಮತ್ತೆಯಂಥವರ ಮಾತು ಅಲ್ಲಿಗೆ ಹೋಗೋದು ಹೇಗೆ? ನಾವು ಒಯ್ಯಬೇಕು. ಇಡೀ ದಿನ ರಿಕ್ವೈರ್‌ಮೆಂಟ್ ಓದಿ "ಇಲ್ಲಿ ಎಡ್ಜ್ ಕೇಸ್ ಬಿಟ್ಟಿದ್ದೀರಿ" ಅಂತ ಟಿಕೆಟ್ ಹಾಕೋ ಜನ ನಾವು. ಒಂದು ಟಿಕೆಟ್ ಸಂಸತ್ತಿನ ಹೆಸರಿಗೂ ಹಾಕೋಣ.

ಫಾರಂ ಏನಾಯಿತು ಅಂತ ಕೆಲವರು ಕೇಳ್ತೀರಿ. ನಾನೂ ನಮ್ಮನೆಯವರೂ ಸಂಶೋಧನೆಗೆ ಅಂತ ಟಿಕ್ ಹಾಕಿದೆವು, ಪಕ್ಕದಲ್ಲಿ ಕೈಬರಹದಲ್ಲಿ ಒಂದು ಸಾಲು ಸೇರಿಸಿದೆವು: ಆಕರ ಕೋಶ ಸಾಲು ಅಥವಾ ಭ್ರೂಣ ಮಾದರಿ ಮಾಡೋದಿದ್ದರೆ ಮೊದಲು ನಮ್ಮನ್ನು ಕೇಳಬೇಕು. ಅತ್ತೆಗೆ ಓದಿ ಹೇಳಿದೆ. "ಕೇಳಿ ಮಾಡ್ಲಿ" ಅಂದರು, ಅಷ್ಟೇ.

ಯಾವುದೋ ಇಬ್ಬರು ಅಪರಿಚಿತರು ಮುಂದೊಂದು ದಿನ ಡಾಕ್ಟರ ಎದುರು ಕೂತು "ಯಾಕೆ ನಿಲ್ಲಲಿಲ್ಲ?" ಅಂತ ಕೇಳಿದಾಗ, "ಗೊತ್ತಿಲ್ಲಮ್ಮಾ" ಬದಲು ಒಂದು ಉತ್ತರ ಸಿಗಲಿ ಅನ್ನೋದು ನನ್ನ ಆಸೆ. ಆ ಉತ್ತರ ಬರೋ ದಾರಿಗೆ ಎರಡೂ ಕಡೆ ಬೇಲಿ ಇರಲಿ.

ಪ್ರಶ್ನೆ ಇದ್ದರೆ ಕೇಳಿ, ಚಹಾ ಬರೋಕೆ ಇನ್ನೂ ಹತ್ತು ನಿಮಿಷ ಇದೆಯಂತೆ.